ನಿಮ್ಮ ಜೇಬಿನಲ್ಲಿ ಏನಿದೆ?



ನೀವು ಈಗ ಎಲ್ಲಿ ಕೂತು ಈ ಮಾತು ಕೇಳುತ್ತಿದ್ದೀರೋ ನನಗೆ ಗೊತ್ತಿಲ್ಲ. ಅಡಿಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿರಬಹುದು. ಅಂಗಡಿಯಲ್ಲಿ ಗಿರಾಕಿಗೆ ಕಾಯುತ್ತಿರಬಹುದು. ತೋಟದ ಮನೆಯ ಜಗುಲಿಯ ಮೇಲೆ ಕಾಲು ಚಾಚಿಕೊಂಡಿರಬಹುದು. ಎಲ್ಲೇ ಇರಿ, ಒಂದು ಸಣ್ಣ ಕೆಲಸ ಮಾಡಿ. ಜೇಬಿಗೆ ಕೈ ಹಾಕಿ. ಜೇಬಿಲ್ಲವಾದರೆ ಕೈಚೀಲಕ್ಕೆ. ಅದೂ ಇಲ್ಲವಾದರೆ ಸೆರಗಿನ ಗಂಟು ಬಿಚ್ಚಿ ನೋಡಿ. ಏನಿದೆ?

ನನ್ನ ಜೇಬಿನಲ್ಲಿ ಇವತ್ತು ಮೂರು ವಸ್ತು ಇವೆ. ಒಂದು ಬಸ್ ಟಿಕೇಟು. ಮನೆಯ ಬೀಗದ ಕೈ. ಅರ್ಧ ಖಾಲಿಯಾದ ಬಿ.ಪಿ. ಗುಳಿಗೆಯ ಪಟ್ಟಿ. ಇಷ್ಟು ಹೇಳಿದ್ದೇ ತಡ, ನನ್ನ ವಯಸ್ಸು ಎಷ್ಟಿರಬಹುದು, ನಾನು ಹೇಗೆ ಓಡಾಡುತ್ತೇನೆ, ಮನೆಯಲ್ಲಿ ಬಾಗಿಲು ತೆಗೆಯುವವರು ಇದ್ದಾರೋ ಇಲ್ಲವೋ, ಎಲ್ಲವನ್ನೂ ನೀವು ಊಹಿಸಿಬಿಟ್ಟಿರಿ. ನಾನು ಕಥೆ ಹೇಳಲಿಲ್ಲ. ಆದರೂ ಒಂದು ಕಥೆ ನಿಮ್ಮ ಮನಸ್ಸಿನಲ್ಲಿ ಶುರುವಾಯಿತು.

ಈ ಪ್ರಶ್ನೆ ನನ್ನದಲ್ಲ. 2010ರಲ್ಲಿ ಇದನ್ನು ಇಡೀ ಜಗತ್ತಿಗೆ ಕೇಳಿದ್ದರು. ಬಂದ ಉತ್ತರಗಳಿಂದ ಒಂದು ಸಿನಿಮಾ ಹುಟ್ಟಿತು. ಇವತ್ತಿನ ನನ್ನ ಮಾತು ಇಂಥ ಕೆಲಸಗಳ ಬಗ್ಗೆ. ಒಬ್ಬ ಲೇಖಕ ಬಾಗಿಲು ಹಾಕಿಕೊಂಡು ಬರೆಯುವ ಕಥೆಯ ಬಗ್ಗೆ ಅಲ್ಲ. ಅಂತರ್ಜಾಲದ ಮೂಲಕ ‘ಬನ್ನಿ, ನೀವೂ ಸೇರಿ’ ಎಂದು ಗೊತ್ತಿಲ್ಲದ ಜನರನ್ನೆಲ್ಲ ಕರೆದು ಕಟ್ಟುವ ಕಥೆಯ ಬಗ್ಗೆ. ಕರೆದರೆ ಜನ ಬರುತ್ತಾರೆಯೇ? ಬಂದರೂ ಕಥೆ ಆಗುತ್ತದೆಯೇ? ಕೆಲವು ಸಲ ಆಗಿದೆ, ಕೆಲವು ಸಲ ಆಗಿಲ್ಲ. ಯಾಕೆ ಎಂದು ನಾನು ಬಹಳ ದಿನ ಯೋಚಿಸಿದ್ದೇನೆ. ನನಗೆ ಕಂಡದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಎಲ್ಲ ಇರುವುದು ಕರೆಯುವ ಬಗೆಯಲ್ಲಿ. ಜನರ ಹತ್ತಿರ ನೀವು ಏನನ್ನು ಕೇಳುತ್ತೀರಿ ಎಂಬುದರಲ್ಲಿ.

ಸಿನಿಮಾದಿಂದಲೇ ಶುರುಮಾಡೋಣ. ಅದರ ಹೆಸರು ‘ಲೈಫ್ ಇನ್ ಎ ಡೇ’. ಒಂದು ದಿನದ ಬದುಕು ಅನ್ನೋಣ. ನಿರ್ದೇಶಕ ಸ್ಕಾಟ್ಲೆಂಡಿನ ಕೆವಿನ್ ಮ್ಯಾಕ್‌ಡೊನಾಲ್ಡ್. ನಿರ್ಮಾಪಕರಲ್ಲಿ ಒಬ್ಬರು ಹೆಸರಾಂತ ರಿಡ್ಲಿ ಸ್ಕಾಟ್. ಯೂಟ್ಯೂಬ್ ಹುಟ್ಟಿ ಆಗ ಐದು ವರ್ಷವಾಗಿತ್ತು. ಅದರ ಮೂಲಕ ಇವರು ಜಗತ್ತಿಗೆಲ್ಲ ಒಂದು ಕರೆ ಕೊಟ್ಟರು. 2010ರ ಜುಲೈ 24, ಶನಿವಾರ. ಆ ಒಂದು ದಿನ ನಿಮ್ಮ ಬದುಕು ಹೇಗಿರುತ್ತದೋ ಹಾಗೆಯೇ ಚಿತ್ರ ತೆಗೆದು ಕಳಿಸಿ. ಜತೆಗೆ ಮೂರು ಪ್ರಶ್ನೆ. ನಿಮಗೆ ಯಾವುದರ ಮೇಲೆ ಪ್ರೀತಿ? ಯಾವುದರ ಭಯ? ನಿಮ್ಮ ಜೇಬಿನಲ್ಲಿ ಏನಿದೆ?

ಎಷ್ಟು ಬಂತು ಗೊತ್ತೆ? ಸುಮಾರು 80,000 ತುಣುಕುಗಳು. ಎಲ್ಲ ಸೇರಿ 4,500 ಗಂಟೆ. ನಿದ್ದೆ ಊಟ ಬಿಟ್ಟು, ಹಗಲು ರಾತ್ರಿ ಎನ್ನದೆ ನೋಡುತ್ತ ಕೂತರೂ ಆರು ತಿಂಗಳು ಬೇಕು. ಅದನ್ನೆಲ್ಲ ಸೋಸಿ ಸೋಸಿ ಒಂದೂವರೆ ಗಂಟೆಯ ಸಿನಿಮಾ ಮಾಡಿದರು.

ಅದರಲ್ಲಿ ಒಂದು ತುಣುಕನ್ನು ನಾನು ಮರೆಯಲಾರೆ. ನಿಮಗೆ ತೋರಿಸಲಾರೆ, ಹೇಳುತ್ತೇನೆ. ಜಪಾನಿನ ಟೋಕಿಯೋ ನಗರ. ಒಂದು ಇಕ್ಕಟ್ಟಾದ ಮನೆ. ಬಟ್ಟೆ, ಪಾತ್ರೆ, ಕಾಗದ ಎಲ್ಲ ಎಲ್ಲೆಂದರಲ್ಲಿ ಬಿದ್ದಿವೆ. ಗುಡಿಸಿ ಒಪ್ಪ ಮಾಡುವ ಕೈ ಆ ಮನೆಯಲ್ಲಿ ಇಲ್ಲ ಅನ್ನಿಸುತ್ತದೆ. ಕ್ಯಾಮೆರಾ ಹಿಡಿದವನು ತಂದೆ. ಚಿಕ್ಕ ಮಗ ಆಗಷ್ಟೇ ನಿದ್ದೆಯಿಂದ ಎದ್ದಿದ್ದಾನೆ. ಕಣ್ಣು ಉಜ್ಜಿಕೊಳ್ಳುತ್ತ ಬರುತ್ತಾನೆ. ಗೋಡೆಯ ಪಕ್ಕದಲ್ಲಿ ಒಂದು ಸಣ್ಣ ಪೀಠ. ಅದರ ಮುಂದೆ ಕೂತು ಊದುಬತ್ತಿ ಹಚ್ಚುತ್ತಾನೆ, ಕೈ ಮುಗಿಯುತ್ತಾನೆ. ಆಗ ನಮಗೆ ಗೊತ್ತಾಗುತ್ತದೆ. ಅಮ್ಮ ಇಲ್ಲ. ಆ ಹುಡುಗ ದಿನಾ ಬೆಳಿಗ್ಗೆ ಎದ್ದು ಅಮ್ಮನನ್ನು ಮಾತಾಡಿಸುವುದು ಹೀಗೆ. ಯಾರೂ ಅಳುವುದಿಲ್ಲ. ಹಿನ್ನೆಲೆಯಲ್ಲಿ ವಿವರಣೆಯ ದನಿ ಇಲ್ಲ. ತಂದೆ ತನ್ನ ಮನೆಯ ಬೆಳಗನ್ನು ಇದ್ದ ಹಾಗೆ ಕಳಿಸಿದ್ದಾನೆ, ಅಷ್ಟೆ. ಎಂಥ ಕಥೆಗಾರ ಕೂತು ಯೋಚಿಸಿದರೂ ಆ ಚೆಲ್ಲಾಪಿಲ್ಲಿಯಾದ ಮನೆಯನ್ನು ಅಷ್ಟು ಸರಿಯಾಗಿ ಕಲ್ಪಿಸಿಕೊಳ್ಳಲಾರ ಎಂದು ನನಗೆ ಅನ್ನಿಸಿತು.

ಅದೇ ದಿನ ಜರ್ಮನಿಯ ಡ್ಯೂಸ್‌ಬರ್ಗ್ ಎಂಬ ಊರಿನಲ್ಲಿ ಒಂದು ಸಂಗೀತದ ಉತ್ಸವ ಇತ್ತು. ನೂಕುನುಗ್ಗಲಾಗಿ 21 ಮಂದಿ ಸತ್ತರು. ಅಲ್ಲಿ ತೆಗೆದ ಚಿತ್ರಗಳೂ ಸಿನಿಮಾದಲ್ಲಿ ಸೇರಿಕೊಂಡವು. ದಿನವನ್ನು ಗೊತ್ತುಮಾಡಿದವರಿಗೆ ಹೀಗಾಗುತ್ತದೆ ಎಂದು ತಿಳಿದಿರಲಿಲ್ಲ. ಯಾವ ದಿನಕ್ಕೂ ತಾನು ಏನನ್ನು ಹೊತ್ತು ತರುತ್ತೇನೆ ಎಂದು ಮೊದಲೇ ತಿಳಿದಿರುವುದಿಲ್ಲ.

ಕೊನೆಯ ತುಣುಕಿನ ಮಾತು ಹೇಳಲೇಬೇಕು. ರಾತ್ರಿ ಹನ್ನೆರಡು ಆಗುತ್ತ ಬಂದಿದೆ. ಹೊರಗೆ ಮಳೆ, ಗುಡುಗು. ಅಮೆರಿಕದ ಒಬ್ಬ ಹುಡುಗಿ ಕಾರಿನೊಳಗೆ ಒಬ್ಬಳೇ ಕೂತಿದ್ದಾಳೆ. ಇಡೀ ದಿನ ಕೆಲಸದಲ್ಲೇ ಕಳೆದಿದೆ. ಏನಾದರೂ ವಿಶೇಷ ನಡೆದೀತು, ಕಳಿಸೋಣ ಎಂದು ಕಾದಿದ್ದಳು. ಏನೂ ನಡೆಯಲಿಲ್ಲ. ಅದನ್ನೇ ಹೇಳಿಕೊಳ್ಳುತ್ತಾಳೆ. ಹೇಳುತ್ತ ಹೇಳುತ್ತ ಗಂಟಲು ಕಟ್ಟುತ್ತದೆ. ತಾನೂ ಈ ಲೋಕದಲ್ಲಿ ಇದ್ದೇನೆ ಎಂಬುದು ಯಾರಿಗಾದರೂ ಗೊತ್ತಾಗಬೇಕು, ಅಷ್ಟೇ ಅವಳ ಆಸೆ. ಏನೂ ನಡೆಯದ ಆ ದಿನವೇ ಸಿನಿಮಾದ ಕೊನೆಯ ಮಾತಾಯಿತು. ‘ನನ್ನ ಹತ್ತಿರ ಹೇಳುವಂಥದ್ದು ಏನಿದೆ’ ಎನ್ನುವ ಎಲ್ಲರಿಗೂ ನಾನು ಈ ಹುಡುಗಿಯನ್ನು ತೋರಿಸಲು ಇಷ್ಟಪಡುತ್ತೇನೆ.

ಹತ್ತು ವರ್ಷದ ಮೇಲೆ, 2020ರ ಜುಲೈ 25ರಂದು, ಕೊರೋನಾ ಕಾಲದಲ್ಲಿ ಮತ್ತೆ ಕರೆ ಕೊಟ್ಟರು. ಆಗ 3 ಲಕ್ಷಕ್ಕೂ ಮಿಕ್ಕಿ ತುಣುಕುಗಳು ಬಂದವು. ಈ ನಡುವೆ ನಮ್ಮ ದೇಶದ್ದೂ ಒಂದು ಆಯಿತು. ರಿಚಿ ಮೆಹ್ತಾ ಎಂಬ ನಿರ್ದೇಶಕರು 2015ರ ಅಕ್ಟೋಬರ್ 10ರ ಒಂದು ದಿನದ ಚಿತ್ರಗಳಿಂದ ‘ಇಂಡಿಯಾ ಇನ್ ಎ ಡೇ’ ಕಟ್ಟಿದರು.

‘ಲೈಫ್ ಇನ್ ಎ ಡೇ’ ಸಿನಿಮಾದ ಕರೆ ಹೇಗಿತ್ತು ನೋಡಿ. ಸಿನಿಮಾ ಮಾಡಿ ಎಂದು ಯಾರಿಗೂ ಹೇಳಲಿಲ್ಲ. ನಿಮ್ಮ ದಿನ ಕೊಡಿ ಎಂದರು. ಅವರವರ ದಿನ ಅವರವರ ಹತ್ತಿರ ಮಾತ್ರ ಇರುತ್ತದೆ. ಟೋಕಿಯೋದ ಆ ತಂದೆಗೆ ಬಿಟ್ಟರೆ ಆ ಬೆಳಗನ್ನು ಕೊಡಲು ಬೇರೆ ಯಾರಿಗೂ ಸಾಧ್ಯವಿರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ. ಯಾಕೆಂದರೆ ಈಗ ನಾನು ಹೇಳುವುದು ಬೇರೆ ಥರದ ಕರೆಯ ವಿಷಯ.

2010ರಿಂದ ಮೂರು ವರ್ಷ ಹಿಂದಕ್ಕೆ ಹೋಗೋಣ. 2007ರ ಫೆಬ್ರವರಿ 1. ಇಂಗ್ಲೆಂಡಿನ ಪೆಂಗ್ವಿನ್ ಪ್ರಕಾಶನ ಮತ್ತು ಲೆಸ್ಟರ್ ನಗರದ ಡಿ ಮಾಂಟ್‌ಫರ್ಟ್ ವಿಶ್ವವಿದ್ಯಾಲಯ ಸೇರಿ ಒಂದು ಪ್ರಯೋಗಕ್ಕೆ ಕೈ ಹಾಕಿದವು. ಲೋಕವೆಲ್ಲ ಸೇರಿ ಒಂದು ಕಾದಂಬರಿ ಬರೆಯುವುದು. ಅದಕ್ಕೆ ‘ಎ ಮಿಲಿಯನ್ ಪೆಂಗ್ವಿನ್ಸ್’ ಎಂದು ಹೆಸರಿಟ್ಟರು. ಹತ್ತು ಲಕ್ಷ ಪೆಂಗ್ವಿನ್ ಹಕ್ಕಿಗಳು ಎಂದರ್ಥ.

ಅದು ನಡೆದದ್ದು ವಿಕಿ ಎಂಬ ವ್ಯವಸ್ಥೆಯಲ್ಲಿ. ವಿಕಿಪೀಡಿಯದ ಹೆಸರು ಕೇಳಿದ್ದೀರಿ, ಅದೇ ಬಗೆ. ಹೀಗೆ ಕಲ್ಪಿಸಿಕೊಳ್ಳಿ. ಊರ ಅರಳಿಕಟ್ಟೆಯ ಮೇಲೆ ಒಂದು ದೊಡ್ಡ ಹಲಗೆ ಇದೆ. ಪಕ್ಕದಲ್ಲಿ ಬಳಪ, ಒರೆಸುವ ಬಟ್ಟೆ. ದಾರಿಯಲ್ಲಿ ಹೋಗುವವರು ಯಾರು ಬೇಕಾದರೂ ಬರೆಯಬಹುದು. ಮೊದಲು ಬರೆದವರದ್ದನ್ನು ತಿದ್ದಬಹುದು. ಪೂರಾ ಒರೆಸಿಯೂ ಬಿಡಬಹುದು. ಹಳೆಯ ಬರಹಗಳೆಲ್ಲ ಹಲಗೆಯ ಹಿಂದೆ ಒಂದೊಂದಾಗಿ ಉಳಿದಿರುತ್ತವೆ, ಬೇಕೆಂದರೆ ಮತ್ತೆ ಮುಂದೆ ತರಬಹುದು. ಶಾರ್ಲಟ್ ಬ್ರಾಂಟಿಯ ‘ಜೇನ್ ಐರ್’ ಕಾದಂಬರಿಯ ಮೊದಲ ವಾಕ್ಯವನ್ನು ಹಲಗೆಯ ಮೇಲೆ ಇಟ್ಟರು. ಮುಂದಿನದ್ದು ನಿಮ್ಮದು ಎಂದರು.

ಜನ ಬಂದರು. ನೋಡಲು ಬಂದವರು 75,000ದಷ್ಟು. ಹೆಸರು ನೋಂದಾಯಿಸಿದವರು ಸುಮಾರು 1,500. ಐದು ವಾರದಲ್ಲಿ ತಿದ್ದಿದ್ದು, ಸೇರಿಸಿದ್ದು, ಅಳಿಸಿದ್ದು ಎಲ್ಲ ಸೇರಿ 11,000 ಸಲ. ಒಬ್ಬರು ಬರೆದ ಪ್ಯಾರಾ ಓದಿ ಮುಗಿಸುವಷ್ಟರಲ್ಲಿ ಇನ್ನೊಬ್ಬರು ಅದನ್ನು ಬದಲಾಯಿಸಿರುತ್ತಿದ್ದರು. ಕೊನೆಗೆ ದಿನಕ್ಕೆ ಕೆಲವು ಗಂಟೆ ಹಲಗೆಗೆ ಬೀಗ ಹಾಕಬೇಕಾಯಿತು. ಬರೆದದ್ದನ್ನು ಓದುವುದಕ್ಕಾದರೂ ಬಿಡುವು ಬೇಡವೇ? ಒಬ್ಬರು ಬಂದರು, ಕಥೆಯಲ್ಲಿ ಕಂಡಕಂಡಲ್ಲಿ ಬಾಳೆಹಣ್ಣು ಎಂದು ಸೇರಿಸತೊಡಗಿದರು. ಇತರರು ಅಳಿಸಿದರು. ಅವರು ಮತ್ತೆ ಸೇರಿಸಿದರು. ಕಡೆಗೆ ಬಾಳೆಹಣ್ಣಿನದ್ದೇ ಕಾದಂಬರಿಯ ಇನ್ನೊಂದು ಪಾಠ ಬೆಳೆಯಿತು. ಮಾರ್ಚ್ 7ಕ್ಕೆ ಕೆಲಸ ನಿಲ್ಲಿಸಿದರು.

ಅದು ಕಾದಂಬರಿ ಆಯಿತೇ? ಇಲ್ಲ. ಮರುವರ್ಷ ಆ ವಿಶ್ವವಿದ್ಯಾಲಯದವರು ಇದರ ಬಗ್ಗೆ ಒಂದು ಅಧ್ಯಯನ ವರದಿ ಹೊರತಂದರು. ಇದನ್ನು ಪುಸ್ತಕದ ಅಳತೆಗೋಲಿನಿಂದ ಅಳೆಯಬೇಡಿ, ಇದೊಂದು ಜನರ ಉತ್ಸವ ಎಂಬುದು ಅದರ ಸಾರ. ನಾವಾದರೆ ಜಾತ್ರೆ ಎನ್ನುತ್ತೇವೆ. ಜಾತ್ರೆಯಲ್ಲಿ ಗದ್ದಲ ಇರುತ್ತದೆ, ಪೀಪಿ ಊದುವವರು ಇರುತ್ತಾರೆ, ಸುಮ್ಮನೆ ನೂಕುವವರೂ ಇರುತ್ತಾರೆ. ಆ ವರದಿಯಲ್ಲಿ ನನ್ನ ಮನಸ್ಸಿಗೆ ನಾಟಿದ್ದು ಇನ್ನೊಂದು ವಿಷಯ. ಬಂದವರಲ್ಲಿ ಕೆಲವರನ್ನು ಅವರು ತೋಟಗಾರರು ಎಂದು ಕರೆದಿದ್ದಾರೆ. ಇವರು ತಮ್ಮ ಕಥೆ ಮೆರೆಸಲು ಬಂದವರಲ್ಲ. ಬೇರೆಯವರ ಕಾಗುಣಿತ ತಿದ್ದಿದರು. ಬಿಡಿಬಿಡಿಯಾಗಿದ್ದ ಪುಟಗಳಿಗೆ ಕೊಂಡಿ ಹಾಕಿದರು. ಕಳೆ ಕಿತ್ತರು. ಯಾರೂ ಹೇಳದೆಯೇ ಅಷ್ಟು ಗದ್ದಲದಲ್ಲಿ ಕೂತು ಈ ಕೆಲಸ ಮಾಡಿದರು. ಅವರನ್ನು ನೆನೆದರೆ ನನಗೆ ಜಾತ್ರೆ ಮುಗಿದ ಮಾರನೇ ದಿನ ಪೊರಕೆ ಹಿಡಿದು ತೇರಿನ ಬೀದಿ ಗುಡಿಸುವವರು ನೆನಪಾಗುತ್ತಾರೆ.

ಎರಡು ಕರೆಗಳನ್ನು ಕೇಳಿದಿರಿ. ಒಂದು, ನಿಮ್ಮ ದಿನ ಕೊಡಿ ಎಂದಿತು. ಇನ್ನೊಂದು, ಎಲ್ಲರೂ ಸೇರಿ ಒಂದೇ ಲೇಖನಿ ಹಿಡಿಯಿರಿ ಎಂದಿತು. ಸಾವಿರ ಜನ ಒಂದೇ ಲೇಖನಿ ಹಿಡಿದರೆ ಅದು ಮುಂದಕ್ಕೆ ಹೋಗುವುದಿಲ್ಲ. ನನ್ನ ವಾಕ್ಯ ಉಳಿಯಬೇಕಾದರೆ ನಿಮ್ಮದು ಹೋಗಬೇಕು. ಅಲ್ಲಿ ಬಂದವರ ತಪ್ಪಿಲ್ಲ. ಅವರಿಗೆ ಏನು ಕೊಡಬೇಕು ಎಂಬುದನ್ನೇ ಯಾರೂ ಹೇಳಿರಲಿಲ್ಲ.

ಹಾಗಾದರೆ ಕಲ್ಪನೆಯ ಕಥೆಯನ್ನು ಜನ ಸೇರಿ ಕಟ್ಟಲು ಆಗುವುದೇ ಇಲ್ಲವೇ? ಆಗುತ್ತದೆ. ಅದೇ 2007ರಲ್ಲಿ, ಎರಡೇ ತಿಂಗಳ ಅಂತರದಲ್ಲಿ, ಅಮೆರಿಕದಲ್ಲಿ ಆಗಿದೆ.

ಅದರ ಹೆಸರು ‘ವರ್ಲ್ಡ್ ವಿದೌಟ್ ಆಯಿಲ್’. ಪೆಟ್ರೋಲು ಡೀಸೆಲ್ಲಿಗೆ ಬರ ಬಂದ ಲೋಕ. ಕೆನ್ ಎಕ್ಲಂಡ್ ಎಂಬವರು ಇದನ್ನು ರೂಪಿಸಿದರು. ಜನ ಹೇಗೆ ಸೇರಬೇಕು ಎಂಬ ಏರ್ಪಾಡನ್ನು ಜೇನ್ ಮೆಕ್‌ಗೊನಿಗಲ್ ನೋಡಿಕೊಂಡರು. ಅಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಹಣ ಕೊಟ್ಟಿತ್ತು. ಏಪ್ರಿಲ್ 30ಕ್ಕೆ ಶುರುವಾಗಿ 32 ದಿನ ನಡೆಯಿತು. ಒಂದೊಂದು ದಿನವೂ ಕಥೆಯಲ್ಲಿ ಒಂದೊಂದು ವಾರ.

ನಡೆದದ್ದು ಹೀಗೆ. ಪ್ರತಿ ದಿನ ಅವರು ಒಂದು ಸುದ್ದಿ ಹೇಳುತ್ತಿದ್ದರು. ಈ ವಾರ ಪೆಟ್ರೋಲಿನ ಬೆಲೆ ಇಷ್ಟಾಗಿದೆ, ಎಲ್ಲೆಲ್ಲಿ ಸಿಗುತ್ತಿಲ್ಲ. ಅದು ಕಲ್ಪನೆ. ಆದರೆ ಕೇಳುತ್ತಿದ್ದ ಪ್ರಶ್ನೆ ಕಲ್ಪನೆಯದ್ದಲ್ಲ. ನಿಮ್ಮ ಊರಿನಲ್ಲಿ, ನಿಮ್ಮ ಮನೆಯಲ್ಲಿ, ಈ ವಾರ ಏನಾಗುತ್ತಿತ್ತು? ಅದನ್ನು ಬರೆಯಿರಿ. ಚಿತ್ರ ಕಳಿಸಿ. ಬರೆಯಲು ಬೇಸರವಾದರೆ ಫೋನು ಮಾಡಿ ಹೇಳಿ, ಧ್ವನಿಮುದ್ರಣ ಮಾಡಿಕೊಳ್ಳುತ್ತೇವೆ. ಸುಮಾರು 1,900 ಮಂದಿ ಸೇರಿಕೊಂಡರು. 1,500 ಕಥೆಗಳು ಬಂದವು. ಅಟ್ಟ ಸೇರಿದ್ದ ಸೈಕಲ್ಲು ಕೆಳಗಿಳಿಯಿತು. ಹಿತ್ತಲಿನ ಹುಲ್ಲುಹಾಸು ಅಗೆದು ತರಕಾರಿ ಹಾಕುವ ಮಾತು ಬಂತು. ನೆರೆಹೊರೆಯವರ ಹೆಸರೇ ಗೊತ್ತಿಲ್ಲದವರು ಮೊದಲ ಸಲ ಅವರ ಮನೆಯ ಬಾಗಿಲು ತಟ್ಟುವ ಯೋಚನೆ ಮಾಡಿದರು.

ಇಲ್ಲೊಂದು ವಿಷಯವನ್ನು ಗಮನಿಸಬೇಕು. ಆ ಕಥೆಯ ಮೊದಲ ವಾರದಲ್ಲೇ ಪೆಟ್ರೋಲಿನ ಬೆಲೆ ಗ್ಯಾಲನ್ನಿಗೆ 4 ಡಾಲರು ದಾಟಿತ್ತು. ಗ್ಯಾಲನ್ ಅಂದರೆ ನಮ್ಮ ಲೆಕ್ಕದಲ್ಲಿ ಮೂರು ಮುಕ್ಕಾಲು ಲೀಟರು. ನಿಜದ ಬೆಲೆ ಆಗ 3 ಡಾಲರಿನ ಆಸುಪಾಸಿನಲ್ಲಿತ್ತು. ಒಂದು ವರ್ಷ ಕಳೆಯಿತು. 2008ರ ಜೂನ್‌ನಲ್ಲಿ ಅಮೆರಿಕದಲ್ಲಿ ಪೆಟ್ರೋಲಿನ ಸರಾಸರಿ ಬೆಲೆ ನಿಜವಾಗಿಯೂ 4 ಡಾಲರು ದಾಟಿತು. ಕಥೆ ಬರೆದಿದ್ದವರು ಆ ದಿನ ಬಂಕಿನಲ್ಲಿ ನಿಂತು ಏನೆಂದುಕೊಂಡಿರಬಹುದು? ಅವರು ಆ ಕಷ್ಟವನ್ನು ಒಂದು ಸಲ ಮನಸ್ಸಿನಲ್ಲೇ ಅನುಭವಿಸಿ ಬಂದವರು. ಕಥೆಯಿಂದ ಏನು ಪ್ರಯೋಜನ ಎಂದು ಕೇಳುವವರಿಗೆ ನಾನು ಈ ಉದಾಹರಣೆ ಹೇಳುತ್ತೇನೆ.

ಇಲ್ಲಿಯೂ ಯಾರೂ ಯಾರ ವಾಕ್ಯವನ್ನೂ ಅಳಿಸಲಿಲ್ಲ. ಸನ್ನಿವೇಶ ಎಲ್ಲರಿಗೂ ಒಂದೇ. ಉತ್ತರ ಅವರವರ ಮನೆಯದ್ದು. ಕರೆ ಸಣ್ಣದಾಗಿರಲಿ, ಕೈಗೆ ಸಿಗುವಂತಿರಲಿ, ಕರೆಸಿಕೊಂಡವರಿಗೆ ಮಾತ್ರ ಗೊತ್ತಿರುವುದನ್ನು ಕೇಳಲಿ. ನಾನು ಇಷ್ಟು ಹೊತ್ತು ಹೇಳುತ್ತಿರುವುದು ಇದನ್ನೇ.

ಈ ತಿಳಿವಳಿಕೆ ಅಂತರ್ಜಾಲದಿಂದ ಬಂದದ್ದಲ್ಲ. ಕಂಪ್ಯೂಟರು ಇಲ್ಲದ ಕಾಲದಲ್ಲೇ, ಅಂಚೆಯ ಮೂಲಕ, ಈ ಕೆಲಸ ನಡೆದಿದೆ. ಮ್ಯಾಕ್‌ಡೊನಾಲ್ಡ್ ತಮ್ಮ ಸಿನಿಮಾಕ್ಕೆ ಪ್ರೇರಣೆ ಎಂದು ಹೇಳಿದ್ದು ಅದನ್ನೇ. 1937ರಲ್ಲಿ ಇಂಗ್ಲೆಂಡಿನಲ್ಲಿ ಮೂವರು ಯುವಕರು, ಚಾರ್ಲ್ಸ್ ಮ್ಯಾಜ್, ಟಾಮ್ ಹ್ಯಾರಿಸನ್ ಮತ್ತು ಹಂಫ್ರಿ ಜೆನಿಂಗ್ಸ್, ‘ಮಾಸ್ ಅಬ್ಸರ್ವೇಶನ್’ ಎಂಬುದನ್ನು ಶುರುಮಾಡಿದರು. ಜನರೇ ಜನರನ್ನು ನೋಡಿ ಬರೆದಿಡುವುದು. ಆ ವರ್ಷ ಮೇ 12ರಂದು ಅರಸ ಆರನೇ ಜಾರ್ಜ್‌ನ ಪಟ್ಟಾಭಿಷೇಕ. ಪತ್ರಿಕೆಗಳೆಲ್ಲ ಅರಸನನ್ನು ನೋಡುತ್ತಿದ್ದವು. ಇವರು ಆ ದಿನ ನೀವು ಏನು ಮಾಡಿದಿರಿ, ಏನು ಕೇಳಿಸಿಕೊಂಡಿರಿ ಎಂದು ಜನರನ್ನು ಕೇಳಿದರು. ಅವರ ಪಟ್ಟಿಯಲ್ಲಿ ಎಂಥ ವಿಷಯಗಳಿದ್ದವು ಗೊತ್ತೆ? ಕಾರು ಓಡಿಸುವವರು ಏನೆಂದು ಕೂಗುತ್ತಾರೆ, ಹೇಗೆ ಕೈಸನ್ನೆ ಮಾಡುತ್ತಾರೆ. ಗಡ್ಡ ಬಿಡುವುದು. ಹುಬ್ಬು. ಇಷ್ಟು ಸಣ್ಣ ಸಣ್ಣ ವಿಷಯಗಳು.

ಎರಡು ವರ್ಷದಲ್ಲಿ ಯುದ್ಧ ಬಂತು. ದಿನಚರಿ ಬರೆದು ಕಳಿಸಿ ಎಂದು ಮತ್ತೆ ಕರೆ ಹೋಯಿತು. ಹಡಗು ಕಟ್ಟುವ ಬ್ಯಾರೋ ಎಂಬ ಊರಿನ ಒಬ್ಬ ಹೆಂಗಸು ಬರೆಯತೊಡಗಿದರು. ಹೆಸರು ನೆಲ್ಲಾ ಲಾಸ್ಟ್. ಗಂಡ ಬಡಗಿ ಕೆಲಸದವರು. ಇಬ್ಬರು ಗಂಡುಮಕ್ಕಳು. ದಿನಚರಿಯಲ್ಲಿ ತಮ್ಮನ್ನು ಗುರುತಿಸಿಕೊಂಡದ್ದು ‘ಗೃಹಿಣಿ, 49’ ಎಂದು. ಅಷ್ಟೇ. ಮನೆಯ ಅಡಿಗೆ, ಪಡಿತರದ ಲೆಕ್ಕ, ಬಾಂಬಿನ ಭಯ, ಗಂಡನೊಂದಿಗಿನ ಮೌನ, ಎಲ್ಲವನ್ನೂ ಬರೆದರು. ಯುದ್ಧ ಮುಗಿಯಿತು. ಅವರು ನಿಲ್ಲಿಸಲಿಲ್ಲ. 1966ರ ತನಕ ಬರೆದರು. ಒಟ್ಟು ಒಂದು ಕೋಟಿ ಪದಕ್ಕೂ ಹೆಚ್ಚು ಎಂದು ಅಂದಾಜು. ಅವರು ತೀರಿಕೊಂಡ ಮೇಲೆ, 1981ರಲ್ಲಿ, ಯುದ್ಧಕಾಲದ ಭಾಗ ಪುಸ್ತಕವಾಗಿ ಬಂತು. ಇವತ್ತು ಆ ಯುದ್ಧದಲ್ಲಿ ಸಾಮಾನ್ಯರ ಮನೆ ಹೇಗಿತ್ತು ಎಂದು ತಿಳಿಯಲು ವಿದ್ವಾಂಸರು ಅದನ್ನು ಓದುತ್ತಾರೆ. ಯಾರೂ ಕೇಳದೇ ಇದ್ದಿದ್ದರೆ ಅವರು ಬರೆಯುತ್ತಿದ್ದರೇ? ಹೇಳಲಾಗದು. ಒಬ್ಬರು ಕೇಳಿದರು, ಬಂದ ಕಾಗದಗಳನ್ನು ಎಸೆಯದೆ ಇಟ್ಟುಕೊಂಡರು. ಅವು ಈಗಲೂ ಸಸೆಕ್ಸ್ ವಿಶ್ವವಿದ್ಯಾಲಯದ ಭಂಡಾರದ ವಶದಲ್ಲಿವೆ.

ನನ್ನ ಒಂದು ಅನುಭವ ಹೇಳುತ್ತೇನೆ. ಕೆಲವು ವರ್ಷ ನಾನು ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದೆ. ಗೋಡೆ ಪತ್ರಿಕೆ ಇತ್ತು. ವಿದ್ಯಾರ್ಥಿಗಳೆಲ್ಲ ಸೇರಿ ಊರಿನ ಕಥೆ ಬರೆಯಲಿ ಎಂದು ಆಸೆಪಟ್ಟೆ. ‘ನಮ್ಮ ಊರು’ ಎಂಬ ವಿಷಯ ಕೊಟ್ಟೆ. ಬಂದ ಬರಹಗಳಲ್ಲೆಲ್ಲ ಹಸಿರು ಹೊಲ, ಊರ ಮುಂದೆ ದೇವಸ್ಥಾನ, ಅಣ್ಣತಮ್ಮಂದಿರಂತೆ ಬಾಳುವ ಜನ. ಯಾವ ಊರಿಗೆ ಬೇಕಾದರೂ ಹೊಂದುತ್ತಿತ್ತು. ನನಗೆ ಬೇಸರವಾಯಿತು, ಮಕ್ಕಳ ಮೇಲೆ ಅಲ್ಲ. ಕೇಳಿದ್ದು ಸರಿಯಿಲ್ಲ ಎಂದು ಗೊತ್ತಾಯಿತು. ಮುಂದಿನ ವಾರ ಬೇರೆ ಪ್ರಶ್ನೆ ಹಾಕಿದೆ. ನಿಮ್ಮ ಮನೆಯ ಅಟ್ಟದ ಮೇಲೆ ಏನಿದೆ? ಹತ್ತಿ ನೋಡಿ, ಬಂದು ಬರೆಯಿರಿ. ಅರ್ಧ ಪುಟ ಸಾಕು.

ಒಬ್ಬ ಹುಡುಗಿ ಒಂದು ಸಣ್ಣ ಪುಸ್ತಕವನ್ನೇ ತಂದಳು. ಅಂಗೈ ಅಗಲ, ರಟ್ಟು ಹುಳ ತಿಂದಿತ್ತು. ‘ಸರ್, ಇದೇನು?’ ಎಂದಳು. ಅದು ರೇಡಿಯೋ ಲೈಸೆನ್ಸಿನ ಪುಸ್ತಕ. ಹಿರಿಯ ಕೇಳುಗರಿಗೆ ನೆನಪಿರಬಹುದು. ಆಗ ಮನೆಯಲ್ಲಿ ರೇಡಿಯೋ ಇಟ್ಟುಕೊಳ್ಳಲು ಲೈಸೆನ್ಸು ಬೇಕಿತ್ತು. ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ದುಡ್ಡು ಕಟ್ಟಬೇಕು, ಪುಸ್ತಕಕ್ಕೆ ಸ್ಟಾಂಪು ಅಂಟಿಸಿ ಮೊಹರು ಹಾಕಿ ಕೊಡುತ್ತಿದ್ದರು. ಆ ಪುಸ್ತಕದಲ್ಲಿ ಸಾಲಾಗಿ ಸ್ಟಾಂಪುಗಳಿದ್ದವು. ನಡುವೆ ಒಂದು ವರ್ಷ ಮಾತ್ರ ಖಾಲಿ. ಅಜ್ಜಿಯನ್ನು ಕೇಳಿಕೊಂಡು ಬಾ ಎಂದೆ. ಮಾರನೇ ದಿನ ಬರೆದು ತಂದಳು. ಆ ವರ್ಷ ಮಳೆ ಹೋಯಿತಂತೆ. ದುಡ್ಡು ಕಟ್ಟಲು ಆಗಲಿಲ್ಲವಂತೆ. ಕಟ್ಟದೆ ಹಾಕಿದರೆ ರೇಡಿಯೋ ಹಿಡಿದುಕೊಂಡು ಹೋಗುತ್ತಾರೆ ಎಂದು ತಾತನಿಗೆ ಭಯ. ವರ್ಷವಿಡೀ ಅದಕ್ಕೆ ಒಂದು ಕಸೂತಿ ಬಟ್ಟೆ ಹೊದಿಸಿ ಇಟ್ಟಿದ್ದರಂತೆ. ಅಜ್ಜಿ ದಿನಾ ಬಟ್ಟೆ ಕೊಡವಿ ಮತ್ತೆ ಹೊದಿಸುತ್ತಿದ್ದರಂತೆ.

ಆ ಅರ್ಧ ಪುಟವನ್ನು ಗೋಡೆಗೆ ಹಾಕಿದೆವು. ಓದಿದ ಇನ್ನೊಬ್ಬ ಹುಡುಗ ಮನೆಗೆ ಹೋಗಿ ಅದೇ ವರ್ಷದ ಬಗ್ಗೆ ಕೇಳಿದ. ಅವರ ಮನೆಯಲ್ಲಿ ಆ ವರ್ಷ ಜೋಡಿ ಎತ್ತು ಮಾರಿದ್ದರು. ಮತ್ತೊಬ್ಬಳ ಅತ್ತೆಯ ಮದುವೆ ಆ ವರ್ಷ ನಿಂತಿತ್ತು. ಎರಡೇ ವಾರದಲ್ಲಿ ಆ ಗೋಡೆಯ ಮೇಲೆ ಒಂದು ಬರಗಾಲದ ಕಥೆ ನಿಂತಿತು. ಯಾರೂ ಬರಗಾಲದ ಬಗ್ಗೆ ಬರೆಯಿರಿ ಎಂದಿರಲಿಲ್ಲ.

ಪ್ರಶ್ನೆಯ ವಿಷಯ ಸಾಕು. ಇನ್ನು ಉಳಿದಿರುವುದು ಎರಡು ಮಾತು. ಕೇಳಿದವರು ಮುಂದೆ ಏನು ಮಾಡಬೇಕು?

ಬಂದದ್ದನ್ನು ಓದಬೇಕು. ‘ಲೈಫ್ ಇನ್ ಎ ಡೇ’ ಸಿನಿಮಾಕ್ಕೆ ಬಂದ ಆ 80,000 ತುಣುಕುಗಳನ್ನು ನೋಡಲು ಎರಡು ಡಜನ್‌ನಷ್ಟು ಯುವಕ ಯುವತಿಯರು ಕೂತಿದ್ದರು. ಹಲವು ಭಾಷೆ ಬಲ್ಲವರು, ಹೆಚ್ಚಿನವರು ಸಿನಿಮಾ ವಿದ್ಯಾರ್ಥಿಗಳು. ಪ್ರತಿಯೊಂದನ್ನೂ ನೋಡಿ, ಏನಿದೆ ಎಂದು ಬರೆದು, ಅಂಕ ಹಾಕಿ ಮುಂದಕ್ಕೆ ಕೊಟ್ಟರು. ಅಂತರ್ಜಾಲ ಇಲ್ಲದ ಊರುಗಳಿಗೆ ನೂರಾರು ಕ್ಯಾಮೆರಾಗಳನ್ನೂ ಕಳಿಸಿದ್ದರು. ಇದು ಮುಖ್ಯವಾದ ಮಾತು. ಎಲ್ಲರೂ ಬನ್ನಿ ಎಂದು ಕರೆದರೆ ಸಾಲದು. ಬರಲಾಗದವರ ಮನೆಗೆ ನಾವು ಹೋಗಬೇಕು. ಆ ಸಿನಿಮಾದಲ್ಲಿ ಆಫ್ರಿಕದ ಅಂಗೋಲಾ ದೇಶದ ಹೆಂಗಸರು ಒನಕೆ ಹಿಡಿದು ಕುಟ್ಟುತ್ತ ಹಾಡುತ್ತಾರೆ. ಅದನ್ನು ಕೇಳಿದಾಗ ನನಗೆ ನಮ್ಮ ಬೀಸುಕಲ್ಲಿನ ದನಿ ಕೇಳಿಸಿತು.

ಎರಡನೆಯದು ಹೆಸರಿನ ಮಾತು. ವಿಜಾಪುರದ ಕಡೆಯ ಹಲಸಂಗಿ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದರು. ಬೀಸುವಾಗ ಕುಟ್ಟುವಾಗ ನಮ್ಮ ತಾಯಂದಿರು ಹಾಡಿದ್ದು ಕಾಗದಕ್ಕೆ ಬಂದದ್ದು ಆ ಗೆಳೆಯರ ಪುಣ್ಯದಿಂದ. ಕನ್ನಡಕ್ಕೆ ಅದು ದೊಡ್ಡ ಉಪಕಾರ. ಆದರೆ ಆ ಹಾಡುಗಳನ್ನು ಮೊದಲು ಕಟ್ಟಿದ ಗರತಿಯರ ಹೆಸರು ಇವತ್ತು ನಮಗೆ ತಿಳಿಯದು. ಕಾಲ ಹಾಗಿತ್ತು. ಈಗ ಕಾಲ ಬೇರೆ. ‘ಲೈಫ್ ಇನ್ ಎ ಡೇ’ ಸಿನಿಮಾ ತುಣುಕು ಕೊಟ್ಟವರನ್ನು ಸಹ ನಿರ್ದೇಶಕರು ಎಂದು ಗೌರವಿಸಿತು. ಹಾಗೇ ಆಗಬೇಕು. ಜನರಿಂದ ಕಥೆ ತೆಗೆದುಕೊಂಡು ಹೆಸರು ಬಿಟ್ಟರೆ ಅದನ್ನು ಸಹಯೋಗ ಎನ್ನಲು ನನಗೆ ಬಾಯಿ ಬರುವುದಿಲ್ಲ.

ನಮ್ಮ ಬೆಂಗಳೂರಿನಲ್ಲೇ ಇದಕ್ಕೊಂದು ಒಳ್ಳೆಯ ಮಾದರಿ ಇದೆ. ಪ್ರಥಮ್ ಬುಕ್ಸ್ ಎಂಬ ಲಾಭದ ಉದ್ದೇಶವಿಲ್ಲದ ಸಂಸ್ಥೆ 2015ರ ಸೆಪ್ಟೆಂಬರ್ 8ರಂದು, ಸಾಕ್ಷರತಾ ದಿನ, ‘ಸ್ಟೋರಿವೀವರ್’ ಎಂಬುದನ್ನು ತೆರೆಯಿತು. ಮಕ್ಕಳ ಚಿತ್ರಪುಸ್ತಕಗಳ ಮುಕ್ತ ಭಂಡಾರ. ಶುರುವಿನಲ್ಲಿ 24 ಭಾಷೆಯ 800 ಕಥೆಗಳಿದ್ದವು. ಈಗ ನೂರಾರು ಭಾಷೆಗೆ ಬೆಳೆದಿದೆ. ಹಿಂದಿಯದ್ದೋ ಮರಾಠಿಯದ್ದೋ ಒಂದು ಕಥೆ ಆರಿಸಿಕೊಂಡು, ಅದೇ ಚಿತ್ರಗಳ ಕೆಳಗೆ ನೀವು ಕನ್ನಡದಲ್ಲಿ ಬರೆಯಬಹುದು. ಪುಟಕ್ಕೆ ಎರಡು ಮೂರು ಸಾಲು. ನಿಮ್ಮ ಊರಿನ ಕನ್ನಡವೇ ಆಗಬಹುದು. ಮೂಲ ಬರೆದವರ ಹೆಸರು, ಚಿತ್ರ ಬಿಡಿಸಿದವರ ಹೆಸರು, ಅನುವಾದ ಮಾಡಿದ ನಿಮ್ಮ ಹೆಸರು, ಮೂರೂ ಪುಸ್ತಕದಲ್ಲಿ ಇರುತ್ತವೆ. ಓದಲು ದುಡ್ಡು ಕೊಡಬೇಕಿಲ್ಲ. ಕೇಳುಗರಲ್ಲಿ ಮೇಷ್ಟ್ರುಗಳು, ಅಂಗನವಾಡಿಯ ಅಕ್ಕಂದಿರು ಇದ್ದರೆ ಒಮ್ಮೆ ನೋಡಬೇಕೆಂದು ಕೇಳಿಕೊಳ್ಳುತ್ತೇನೆ.

ಉಳಿದವರಿಗೆ ಕಂಪ್ಯೂಟರು ಬೇಡ. ಫೋನೂ ಬೇಡ. ಇವತ್ತು ರಾತ್ರಿ ಊಟವಾದ ಮೇಲೆ ಮನೆಯಲ್ಲಿ ಹಿರಿಯರು ಯಾರಿದ್ದಾರೋ ಅವರ ಪಕ್ಕದಲ್ಲಿ ಕೂತುಕೊಳ್ಳಿ. ‘ನಿಮ್ಮ ಕಾಲದ ಕಥೆ ಹೇಳಿ’ ಎಂದು ಕೇಳಬೇಡಿ. ಅಷ್ಟು ದೊಡ್ಡದನ್ನು ಎಲ್ಲಿಂದ ಎತ್ತಿಕೊಳ್ಳಬೇಕು ಎಂದು ಅವರಿಗೆ ತಿಳಿಯುವುದಿಲ್ಲ. ಮದುವೆಯಾಗಿ ಈ ಮನೆಗೆ ಬಂದ ದಿನ ಒಲೆಯ ಮೇಲೆ ಏನು ಬೇಯುತ್ತಿತ್ತು ಎಂದು ಅಜ್ಜಿಯನ್ನು ಕೇಳಿ. ಮೊದಲ ಸಂಬಳದಲ್ಲಿ ಏನು ತಂದಿರಿ ಎಂದು ತಾತನನ್ನು ಕೇಳಿ. ಹೇಳಿದ್ದನ್ನು ಹೇಳಿದ ಹಾಗೆಯೇ ಒಂದು ಹಾಳೆಯಲ್ಲಿ ಬರೆದಿಡಿ. ಮೇಲೆ ತಾರೀಖು ಹಾಕಿ, ಊರಿನ ಹೆಸರು ಹಾಕಿ. ಕೆಳಗೆ ಹೇಳಿದವರ ಹೆಸರು ಬರೆಯಿರಿ, ಅವರಿಂದಲೇ ಒಂದು ರುಜು ಹಾಕಿಸಿಕೊಳ್ಳಿ.